ಎಂಜಿನ್ ಆಯ್ಕೆ ಮಾಡುವವರು ಒಬ್ಬರು, ಕಾಯುವವರು ಇನ್ನೊಬ್ಬರು: ಸಾರಿಗೆ ಸಚಿವರಿಗೆ ಆಟೋ ಗ್ಯಾರೇಜಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು – ಇವರಿಗೆ.

ವಿಷಯ: ಆಟೋರಿಕ್ಷಾಗಳ ಇಂಧನದ ಆಯ್ಕೆ ಮತ್ತು ಅದರಿಂದ ಚಾಲಕರಿಗೂ ಪ್ರಯಾಣಿಕರಿಗೂ ಒದಗಿರುವ ಕಾಯುವಿಕೆಯ ಕುರಿತು.

ಮಾನ್ಯರೇ,

ಬೆಂಗಳೂರಿನ ಕಾಮಾಕ್ಷಿಪಾಳ್ಯದ ಒಂದು ಅಡ್ಡರಸ್ತೆಯಲ್ಲಿ ಆಟೋ ರಿಪೇರಿ ಗ್ಯಾರೇಜ್ ನಡೆಸುವವನು ನಾನು. ಟು-ಸ್ಟ್ರೋಕ್ ಎಂಜಿನ್ನುಗಳ ಕಾಲದಲ್ಲಿ ಸ್ಪ್ಯಾನರ್ ಹಿಡಿದು ಕೆಲಸ ಕಲಿತವನಾದ್ದರಿಂದ, ಅಲ್ಲಿಂದೀಚೆಗೆ ಈ ಊರಿನ ಆಟೋಗಳಲ್ಲಿ ಏನೇನು ಬದಲಾಯಿತೋ ಅದನ್ನೆಲ್ಲ ಬಿಚ್ಚಿ ಜೋಡಿಸಿ ನೋಡಿದ್ದೇನೆ. ಹೊಸ ಗಾಡಿ ಕೊಳ್ಳುವ ಮುನ್ನ ಚಾಲಕರು ತಮಗೆ ಪರಿಚಯದ ಮೆಕ್ಯಾನಿಕ್ಕನ್ನು "ಯಾವುದು ತಗೊಳ್ಳಲಿ ಅಣ್ಣ?" ಎಂದು ಒಂದು ಮಾತು ಕೇಳುವುದು ವಾಡಿಕೆ. ಹಿಂದೆ ಈ ಪ್ರಶ್ನೆಗೆ ಎಂಜಿನ್ನಿನ ಗುಣದೋಷ ಹೇಳಿದರೆ ಸಾಕಾಗುತ್ತಿತ್ತು. ಈಗ ಹಾಗಿಲ್ಲ. ರಾತ್ರಿ ಗಾಡಿ ಎಲ್ಲಿ ನಿಲ್ಲಿಸುತ್ತೀರಿ, ನಿಮ್ಮ ಕಡೆಯ ಗ್ಯಾಸ್ ಬಂಕಿನಲ್ಲಿ ಬೆಳಿಗ್ಗೆ ಸಾಲು ಎಷ್ಟುದ್ದ ಇರುತ್ತದೆ, ಪರ್ಮಿಟ್ ಯಾರ ಹೆಸರಿನಲ್ಲಿದೆ, ಸಾಲ ಕೊಡುವವರು ಬ್ಯಾಂಕಿನವರೋ ಫೈನಾನ್ಸಿನವರೋ ಎಂದು ನಾನೇ ತಿರುಗಿ ಕೇಳಬೇಕಾಗುತ್ತದೆ. ಅವರ ಉತ್ತರ ಕೇಳಿದ ಮೇಲೆ ಎಷ್ಟೋ ಸಲ, ಒಳ್ಳೆಯದೆಂದು ನನಗೇ ಗೊತ್ತಿರುವ ಎಂಜಿನ್ನನ್ನು ಬಿಟ್ಟು ಬೇರೆಯದನ್ನು ಹೇಳಿ ಕಳಿಸುತ್ತೇನೆ.

ತಮ್ಮ ಗಮನಕ್ಕೆ ತರಬೇಕೆಂದಿರುವ ಸಂಗತಿ ಇಷ್ಟು. ಬಾಡಿಗೆ ಆಟೋಗೆ ಯಾವ ಎಂಜಿನ್ ಇರಬೇಕೆಂಬುದನ್ನು ಬಹುಮಟ್ಟಿಗೆ ಸರ್ಕಾರಗಳೇ ತೀರ್ಮಾನಿಸುತ್ತ ಬಂದಿವೆ. ಪರ್ಮಿಟ್ಟಿನ ಷರತ್ತು, ತೆರಿಗೆ, ಸಬ್ಸಿಡಿ, ಬಂಕುಗಳಿಗೆ ಕೊಡುವ ಅನುಮತಿ, ಇವೆಲ್ಲ ಕೂಡಿ ಚಾಲಕನನ್ನು ಒಂದು ದಾರಿಗೆ ತಳ್ಳುತ್ತವೆ. ಆದರೆ ಆ ಎಂಜಿನ್ನಿಗೆ ಬೇಕಾದ ವ್ಯವಸ್ಥೆ ಬಂದು ಮುಟ್ಟುವ ತನಕ ಕಾಯುವ ಹೊಣೆ ಚಾಲಕನದು, ಅವನಿಗಾಗಿ ರಸ್ತೆ ಬದಿಯಲ್ಲಿ ನಿಂತ ಪ್ರಯಾಣಿಕರದು. ಈ ಕಾಯುವಿಕೆಯ ಖರ್ಚು ಯಾವ ಕಡತದಲ್ಲೂ ಕಾಣುವುದಿಲ್ಲ.

ಆಟೋಗಾಗಿ ಕಾಯುವುದು ನಮ್ಮ ದೇಶಕ್ಕೆ ಹೊಸದಲ್ಲ. ಇಟಲಿಯ ಪಿಯಾಜಿಯೊ ಕಂಪನಿಯ ವಿನ್ಯಾಸವನ್ನು ಆಧರಿಸಿ ದ್ವಿಚಕ್ರ ಮತ್ತು ತ್ರಿಚಕ್ರ ವಾಹನ ತಯಾರಿಸಲು ಬಜಾಜ್ ಕಂಪನಿಗೆ 1959ರಲ್ಲಿ ಕೇಂದ್ರ ಸರ್ಕಾರದ ಲೈಸೆನ್ಸ್ ಸಿಕ್ಕಿತು. ಎಷ್ಟು ತಯಾರಿಸಬಹುದೆಂಬುದಕ್ಕೂ ಲೈಸೆನ್ಸೇ ಮಿತಿ ಹಾಕುತ್ತಿದ್ದ ಕಾಲವದು. ಸ್ಕೂಟರಿಗೆ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾದವರ ಕತೆ ನಮ್ಮ ಹಿರಿಯರೆಲ್ಲರ ಬಾಯಲ್ಲೂ ಇದೆ. ಆಗ ಎಂಜಿನ್ನಿನ ಆಯ್ಕೆ ಎಂಬ ಮಾತೇ ಇರಲಿಲ್ಲ; ಮುಂದುಗಡೆ ಎಂಜಿನ್ ಇದ್ದ ಗಾಡಿ ಸಿಕ್ಕರೆ ಅದು, 1977ರಲ್ಲಿ ಹಿಂದುಗಡೆ ಎಂಜಿನ್ನಿನ ಮಾದರಿ ಬಂದ ಮೇಲೆ ಇದು. ಎರಡೂ ಟು-ಸ್ಟ್ರೋಕ್, ಎರಡೂ ಪೆಟ್ರೋಲ್. ಈಗ ಶೋರೂಮಿಗೆ ಹೋದರೆ ಗಾಡಿಗಳು ಸಾಲಾಗಿ ನಿಂತಿರುತ್ತವೆ, ಮಾರುವವರು ಕರೆದು ಕೂರಿಸಿ ಕಾಫಿ ಕೊಡುತ್ತಾರೆ. ಕಾಯುವುದು ಶೋರೂಮಿನಿಂದ ಹೊರಗೆ ಹೋಗಿ ಆರ್‌ಟಿಒ ಕಚೇರಿಗೆ, ಫೈನಾನ್ಸ್ ಕಚೇರಿಗೆ, ಬಂಕಿಗೆ ಹಂಚಿಹೋಗಿದೆ.

ಟು-ಸ್ಟ್ರೋಕ್ ಎಂಜಿನ್ ಹೋಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಅದರೊಳಗೆ ಹೊಸ ಪೆಟ್ರೋಲ್ ಗಾಳಿಯೊಂದಿಗೆ ಬೆರೆತು ಒಳಬರುವ ಹೊತ್ತಿಗೂ ಹಳೆಯ ಹೊಗೆ ಹೊರಹೋಗುವ ಹೊತ್ತಿಗೂ ನಡುವೆ ಅಂತರವಿರುವುದಿಲ್ಲ. ಎರಡೂ ಕಿಂಡಿಗಳು ಒಟ್ಟಿಗೆ ತೆರೆದಿರುವ ಗಳಿಗೆಯಲ್ಲಿ ಪೆಟ್ರೋಲಿನ ಒಂದು ಪಾಲು ಉರಿಯದೆಯೇ ಸೈಲೆನ್ಸರಿನ ಮೂಲಕ ಬೀದಿಗೆ ಬೀಳುತ್ತದೆ. ಅದರ ಜೊತೆಗೆ ಪೆಟ್ರೋಲಿಗೆ ಬೆರೆಸುವ ಎಣ್ಣೆಯೂ ಉರಿದು ನೀಲಿ ಹೊಗೆಯಾಗುತ್ತದೆ. ಬಂಕಿನಲ್ಲಿ ಹದ ತಪ್ಪಿ ಹೆಚ್ಚು ಎಣ್ಣೆ ಸುರಿಸಿಕೊಂಡರೆ ಗಾಡಿಗೆ ಒಳ್ಳೆಯದೆಂದು ನಂಬಿದ್ದ ಚಾಲಕರು ಬಹಳ ಮಂದಿ ಇದ್ದರು. ಅವರ ಗಾಡಿಯ ಸೈಲೆನ್ಸರ್ ಬಿಚ್ಚಿದರೆ ಒಳಗೆ ಟಾರಿನಂತಹ ಮಸಿ ಅಂಗುಲ ದಪ್ಪ ಕಟ್ಟಿರುತ್ತಿತ್ತು. ಅದನ್ನು ಬೆಂಕಿಗಿಟ್ಟು ಸುಟ್ಟು, ಬಡಿದು ಉದುರಿಸುವುದೇ ನಮ್ಮಂಥ ಗ್ಯಾರೇಜಿನ ಹುಡುಗರ ಮೊದಲ ಪಾಠವಾಗಿತ್ತು. ಆ ಎಂಜಿನ್ನಿನ ಗುಣವೆಂದರೆ ಅಗ್ಗ, ಹಗುರ, ರಸ್ತೆ ಬದಿಯಲ್ಲೇ ಬಿಚ್ಚಿ ಕಟ್ಟಬಹುದಾದಷ್ಟು ಸರಳ. ಆ ಸರಳತೆಯೇ ಬಡವನೊಬ್ಬ ಆಟೋ ಮಾಲೀಕನಾಗುವುದನ್ನು ಸಾಧ್ಯ ಮಾಡಿತ್ತೆಂಬುದನ್ನು ಮಾಲಿನ್ಯದ ಮಾತಾಡುವವರು ಮರೆಯುತ್ತಾರೆ.

2017-18ರ ರಾಜ್ಯ ಬಜೆಟ್ಟಿನಲ್ಲಿ 10,000 ಟು-ಸ್ಟ್ರೋಕ್ ಆಟೋಗಳನ್ನು ಬದಲಿಸಲು ತಲಾ 30,000 ರೂಪಾಯಿಯಂತೆ 30 ಕೋಟಿ ರೂಪಾಯಿ ತೆಗೆದಿರಿಸಿದ್ದು ಒಳ್ಳೆಯ ಉದ್ದೇಶದ ಕೆಲಸವೇ. ಆದರೆ ಇಂಥ ಯೋಜನೆಗಳೆಲ್ಲದರಲ್ಲೂ ಒಂದು ಸಮಸ್ಯೆ ಇರುತ್ತದೆ. ಹಳೆಯ ಗಾಡಿಯನ್ನು ಗುಜರಿಗೆ ಹಾಕಿದ ಚೀಟಿ ತೋರಿಸಬೇಕು, ಹೊಸ ಗಾಡಿಗೆ ಮುಂಗಡ ಕಟ್ಟಬೇಕು, ನೋಂದಣಿಯಾಗಬೇಕು, ಅದೇ ಪರ್ಮಿಟ್ಟನ್ನು ಹೊಸ ಗಾಡಿಗೆ ಏರಿಸಿಕೊಳ್ಳಬೇಕು, ಅದಾದ ಮೇಲೆ ಸಬ್ಸಿಡಿ. ಈ ಮೆಟ್ಟಿಲುಗಳ ನಡುವೆ ಎಲ್ಲಿ ಕಾಗದ ನಿಂತರೂ ಚಾಲಕನ ಬಳಿ ಹಳೆಯ ಗಾಡಿಯೂ ಇಲ್ಲ, ಹೊಸದೂ ಇಲ್ಲ. ಆ ದಿನಗಳಲ್ಲಿ ಅವನು ಇನ್ನೊಬ್ಬರ ಆಟೋವನ್ನು ದಿನಬಾಡಿಗೆಗೆ ಓಡಿಸುತ್ತಾನೆ, ಮನೆಖರ್ಚಿಗೆ ಮೀಟರ್ ಬಡ್ಡಿಯ ಸಾಲ ಮಾಡುತ್ತಾನೆ. ಕೈಗೆ ಬರುವ ಸಬ್ಸಿಡಿ ಆ ಬಡ್ಡಿಗೆ ಸರಿಹೋಗುತ್ತದೆ.

ಎಲ್‌ಪಿಜಿ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ಆಟೋಗಳು ಪೆಟ್ರೋಲ್ ಬಿಟ್ಟು ಎಲ್‌ಪಿಜಿಗೆ ಒಲಿದಿದ್ದಕ್ಕೆ ಮೆಕ್ಯಾನಿಕ್ಕುಗಳಾದ ನಾವೂ ಕಾರಣ. ಪೆಟ್ರೋಲ್ ಎಂಜಿನ್ನಿಗೆ ಕಿಟ್ ಕೂರಿಸುವುದು ಸುಲಭ, ಟ್ಯಾಂಕಿನ ಒತ್ತಡ ಕಡಿಮೆ, ಗ್ಯಾಸ್ ಮುಗಿದರೆ ಪೆಟ್ರೋಲಿಗೆ ತಿರುಗಿಸಿಕೊಂಡು ಹೇಗೋ ಬಂಕಿನ ತನಕ ಬರಬಹುದು. ಮೈಲೇಜ್ ಲೀಟರಿಗೆ ಲೀಟರ್ ಹೋಲಿಸಿದರೆ ಪೆಟ್ರೋಲಿಗಿಂತ ಕಡಿಮೆ, ಏಕೆಂದರೆ ಒಂದು ಲೀಟರ್ ಎಲ್‌ಪಿಜಿಯಲ್ಲಿರುವ ಶಾಖವೇ ಕಡಿಮೆ. ದರದ ವ್ಯತ್ಯಾಸದಿಂದ ಲೆಕ್ಕ ಸರಿದೂಗುತ್ತದೆ. ಆದರೆ ಬಂಕುಗಳು ಗಾಡಿಗಳ ಸಂಖ್ಯೆಗೆ ತಕ್ಕಷ್ಟು ಬರಲಿಲ್ಲ, ಇದ್ದವುಗಳಲ್ಲೂ ದಾಸ್ತಾನು ಇಲ್ಲವೆಂಬ ಬೋರ್ಡು ಬೀಳುವುದುಂಟು. ಆ ಕೊರತೆಯಿಂದಲೇ ಹುಟ್ಟಿದ್ದು ಅಡುಗೆ ಸಿಲಿಂಡರಿನಿಂದ ಕದ್ದು ಗ್ಯಾಸ್ ತುಂಬುವ ಗಲ್ಲಿ ದಂಧೆ. ಅದು ಕಾನೂನುಬಾಹಿರ, ಅದಕ್ಕಿಂತ ಮುಖ್ಯವಾಗಿ ಅಪಾಯಕರ. ತುಂಬುವಾಗ ಟ್ಯಾಂಕಿನಲ್ಲಿ ಐದರಲ್ಲೊಂದು ಪಾಲು ಖಾಲಿ ಬಿಡಬೇಕೆಂಬ ನಿಯಮ ಆ ಕೋಣೆಗಳಲ್ಲಿ ನಡೆಯುವುದಿಲ್ಲ. ದಾಳಿ ಮಾಡಿ ಸಿಲಿಂಡರುಗಳನ್ನು ವಶಪಡಿಸಿಕೊಂಡ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಅಂಥ ಬಡಾವಣೆಯಿಂದ ಹತ್ತಿರದ ಅಧಿಕೃತ ಬಂಕ್ ಎಷ್ಟು ದೂರವಿತ್ತೆಂಬುದು ಮಾತ್ರ ಸುದ್ದಿಯಲ್ಲಿ ಇರುವುದಿಲ್ಲ.

ಸಿಎನ್‌ಜಿಯ, ಅಂದರೆ ಭಾರೀ ಒತ್ತಡದಲ್ಲಿ ಸಿಲಿಂಡರಿಗೆ ತುಂಬುವ ನೈಸರ್ಗಿಕ ಅನಿಲದ ಕತೆ ಬೇರೆ. ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ನೈಸರ್ಗಿಕ ಅನಿಲದ ಕೊಳವೆ ಮಾರ್ಗ 2013ರಲ್ಲಿ ಬಂತು; ಆಮೇಲೆ ನಗರದಲ್ಲಿ ಸಿಎನ್‌ಜಿ ಬಂಕುಗಳು ಒಂದೊಂದಾಗಿ ತೆರೆದವು. ಇಂಧನವಾಗಿ ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಬಂಕಿನ ಮುಂದಿನ ಸಾಲು ಏಕೆ ಕರಗುವುದಿಲ್ಲ ಎಂಬುದನ್ನು ತಾವು ಒಮ್ಮೆ ತಿಳಿದುಕೊಳ್ಳಬೇಕು. ಎಲ್ಲ ಸಿಎನ್‌ಜಿ ಬಂಕುಗಳೂ ಕೊಳವೆಯ ಮೇಲೆ ಕೂತಿಲ್ಲ. ಕೊಳವೆ ಮುಟ್ಟದ ಕಡೆಯ ಬಂಕುಗಳಿಗೆ ಲಾರಿಯ ಮೇಲೆ ಸಿಲಿಂಡರುಗಳ ಗೊಂಚಲು ಹೇರಿಕೊಂಡು ಗ್ಯಾಸ್ ತರುತ್ತಾರೆ. ಲಾರಿ ಬಂದು ನಿಂತ ಹೊಸದರಲ್ಲಿ ಒತ್ತಡ ಚೆನ್ನಾಗಿರುತ್ತದೆ, ಗಾಡಿಗಳು ಬೇಗ ಬೇಗ ತುಂಬಿಕೊಳ್ಳುತ್ತವೆ. ಒಂದೊಂದು ಗಾಡಿ ಹೋದಂತೆಲ್ಲ ಒತ್ತಡ ಇಳಿಯುತ್ತದೆ, ಮೇಲಿನ ಟ್ಯಾಂಕ್ ಬರಿದಾಗುತ್ತ ಬಂದಾಗ ಬಚ್ಚಲಿನ ನಲ್ಲಿ ಸಣ್ಣಗಾಗುವ ಹಾಗೆ. ಕೊನೆಗೆ ಬಂದವನ ಸಿಲಿಂಡರಿನಲ್ಲಿ 200 ಬಾರ್ ಒತ್ತಡ ಇರಬೇಕಾದ ಕಡೆ ಅದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ. ಅವನು ಅರೆಹೊಟ್ಟೆಯಲ್ಲಿ ಹೊರಡುತ್ತಾನೆ, ಆದ್ದರಿಂದ ಅದೇ ದಿನ ಸಂಜೆ ಮತ್ತೆ ಸಾಲಿಗೆ ಬರುತ್ತಾನೆ. ಅಂದರೆ ಒತ್ತಡ ಕಡಿಮೆಯಾದಷ್ಟೂ ಸಾಲು ಉದ್ದವಾಗುತ್ತದೆ. ಬೇಸಿಗೆಯ ಮಧ್ಯಾಹ್ನ ತುಂಬಿಸಿದರೆ ಇನ್ನೂ ಕಷ್ಟ. ಬಿಸಿಯಾದ ಗ್ಯಾಸ್ ಜಾಗ ಹೆಚ್ಚು ತಿನ್ನುತ್ತದೆ, ಮೀಟರ್ ಮುಳ್ಳು ತುಂಬಿದಂತೆ ತೋರಿಸಿದರೂ ಒಳಗೆ ಇರುವ ತೂಕ ಕಡಿಮೆ. ಮುಂಜಾನೆ ನಾಲ್ಕಕ್ಕೆ ಎದ್ದು ಬಂಕಿಗೆ ಹೋಗುವ ಚಾಲಕರು ಈ ಭೌತಶಾಸ್ತ್ರವನ್ನು ಯಾರಿಂದಲೂ ಹೇಳಿಸಿಕೊಳ್ಳದೆ ಕಲಿತಿದ್ದಾರೆ.

ಇದರ ಮೇಲೆ ಎಂಜಿನ್ನಿನ ಕೆಲಸ ಬೇರೆ. ಗ್ಯಾಸ್ ಒಣ ಇಂಧನ. ಪೆಟ್ರೋಲ್ ಹನಿಗಳು ವಾಲ್ವಿಗೆ ಕೊಡುವ ತಂಪನ್ನು ಅದು ಕೊಡುವುದಿಲ್ಲ, ಹಾಗಾಗಿ ವಾಲ್ವ್ ಕೂರುವ ಸೀಟು ಬೇಗ ಸವೆಯುತ್ತದೆ. ಸೀಟು ಸವೆದು ವಾಲ್ವ್ ಒಳಕ್ಕೆ ಇಳಿದಷ್ಟೂ ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವಿಗೂ ಅದನ್ನು ತಳ್ಳುವ ಭಾಗಕ್ಕೂ ನಡುವಿನ ಸಣ್ಣ ಸಂದು, ಮುಚ್ಚಿಕೊಳ್ಳುತ್ತದೆ, ವಾಲ್ವ್ ಪೂರ್ತಿ ಕೂರುವುದಿಲ್ಲ, ಕಂಪ್ರೆಷನ್ ಸೋರುತ್ತದೆ. ಬೆಳಿಗ್ಗೆ ಗಾಡಿ ಎಷ್ಟು ಸೆಲ್ಫ್ ಹೊಡೆದರೂ ಎದ್ದೇಳುವುದಿಲ್ಲ. ನೂರು ರೂಪಾಯಿ ಕೊಟ್ಟು ಟ್ಯಾಪೆಟ್ ನೋಡಿಸಿಕೊಳ್ಳಬೇಕಾದವನು ಸಾಲಿನಲ್ಲಿ ಹೊತ್ತು ಕಳೆದು ಬಂದಿರುತ್ತಾನೆ, "ಇವತ್ತು ಬೇಡ ಅಣ್ಣ, ಕಲೆಕ್ಷನ್ ಆಗಿಲ್ಲ" ಎಂದು ಹೊರಟುಬಿಡುತ್ತಾನೆ. ಕೆಲವು ವಾರಗಳ ಮೇಲೆ ಹೆಡ್ ಬಿಚ್ಚುವ ಕೆಲಸಕ್ಕೆ ಅದೇ ಗಾಡಿ ತಳ್ಳಿಕೊಂಡು ಬರುತ್ತದೆ. ಸಿಎನ್‌ಜಿ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಬಿಚ್ಚಿ ನೀರಿನ ಒತ್ತಡದ ಪರೀಕ್ಷೆಗೆ ಕಳಿಸಬೇಕು. ಅದು ಜೀವದ ಪ್ರಶ್ನೆ, ಆಗಲೇಬೇಕು. ಅದಕ್ಕೂ ಗಾಡಿ ನಿಲ್ಲುತ್ತದೆ.

ಈಗ ದರಪಟ್ಟಿಯನ್ನು ನೋಡೋಣ. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಜಾರಿಗೆ ಬಂದ ಆಟೋ ದರದ ಪ್ರಕಾರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18 ರೂಪಾಯಿ. ಪ್ರಯಾಣಿಕರು ಆಟೋ ನಿಲ್ಲಿಸಿಕೊಂಡು ಅಂಗಡಿಗೋ ಆಸ್ಪತ್ರೆಗೋ ಹೋದರೆ ಮೊದಲ ಐದು ನಿಮಿಷ ಉಚಿತ, ಅದರಾಚೆ ಪ್ರತಿ ಹದಿನೈದು ನಿಮಿಷಕ್ಕೆ 10 ರೂಪಾಯಿ. ಚಾಲಕನ ಹೊತ್ತಿಗೂ ಬೆಲೆಯಿದೆ ಎಂದು ಸರ್ಕಾರ ಅಧಿಕೃತವಾಗಿ ಒಪ್ಪಿಕೊಂಡಿರುವ ಒಂದೇ ಜಾಗ ಇದು. ಸರ್ಕಾರ ತೋರಿಸಿದ ಇಂಧನಕ್ಕಾಗಿ ಅದೇ ಚಾಲಕ ಬಂಕಿನ ಮುಂದೆ ನಿಂತ ಹೊತ್ತನ್ನು ಇದೇ ದರದಲ್ಲಿ ಲೆಕ್ಕ ಹಾಕಿದರೂ ತಿಂಗಳಿಗೆ ಎಷ್ಟಾಗುತ್ತದೆಂದು ತಮ್ಮ ಇಲಾಖೆಯವರು ಒಮ್ಮೆ ಗುಣಿಸಿ ನೋಡಬೇಕೆಂದು ಕೋರುತ್ತೇನೆ. ದರ ಪರಿಷ್ಕರಣೆಗೆ ಮುನ್ನ ಇಂಧನದ ಬೆಲೆ, ಬಿಡಿಭಾಗದ ಬೆಲೆ, ವಿಮೆ ಎಲ್ಲವನ್ನೂ ಕೇಳುತ್ತಾರೆ. ಇದನ್ನು ಯಾರೂ ಕೇಳಿಲ್ಲ.

ಪ್ರಯಾಣಿಕರ ದೂರು ನನಗೆ ಗೊತ್ತಿಲ್ಲದ್ದಲ್ಲ. ಕೈ ತೋರಿಸಿದರೂ ನಿಲ್ಲಿಸುವುದಿಲ್ಲ, ನಿಲ್ಲಿಸಿದರೂ ಬರುವುದಿಲ್ಲ, ಬಂದರೂ ಮೀಟರಿನ ಮೇಲೆ ಐವತ್ತು ಕೇಳುತ್ತಾರೆ. ಮೀಟರ್ ಹಾಕದಿರುವುದನ್ನು ನಾನು ಸಮರ್ಥಿಸುವುದಿಲ್ಲ, ನನ್ನ ಮನೆಯವರೂ ಆಟೋಗೆ ದುಡ್ಡು ಕೊಟ್ಟೇ ಓಡಾಡುತ್ತಾರೆ. ಆದರೆ ಬೆಳಿಗ್ಗೆ ಎಂಟರಿಂದ ಹತ್ತರ ತನಕ, ಮೆಟ್ರೊ ನಿಲ್ದಾಣದ ಮೆಟ್ಟಿಲ ಬಳಿ ಜನ ಆಟೋಗಾಗಿ ಕಾಯುವ ಹೊತ್ತಿನಲ್ಲೇ, ಒಂದಷ್ಟು ಆಟೋಗಳು ಖಾಲಿಯಾಗಿ ಬಂಕಿನ ಸಾಲಿನಲ್ಲಿ ನಿಂತಿರುತ್ತವೆ. ಇನ್ನೊಂದಷ್ಟು, ಗ್ಯಾಸ್ ಕಡಿಮೆ ಇರುವುದರಿಂದ ಬಂಕ್ ಇರುವ ದಿಕ್ಕಿನ ಬಾಡಿಗೆ ಮಾತ್ರ ಒಪ್ಪುತ್ತವೆ. "ಆ ಕಡೆ ಬರಲ್ಲ" ಎಂಬ ಉತ್ತರದ ಹಿಂದೆ ಸೊಕ್ಕು ಎಷ್ಟಿದೆ, ಸಿಲಿಂಡರಿನ ಮುಳ್ಳು ಎಷ್ಟಿದೆ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ.

ಹೀಗಿರುವಾಗ ಬ್ಯಾಟರಿ ಆಟೋವೇ ಉತ್ತರ ಎಂದು ಎಲ್ಲರೂ ಹೇಳುತ್ತಿದ್ದಾರೆ. ನಾನೂ ಬಹುತೇಕ ಒಪ್ಪುತ್ತೇನೆ, ನನ್ನ ಹೊಟ್ಟೆಪಾಡಿಗೆ ಅದು ವಿರುದ್ಧವಾಗಿದ್ದರೂ. ಅದರಲ್ಲಿ ವಾಲ್ವ್ ಇಲ್ಲ, ಪ್ಲಗ್ ಇಲ್ಲ, ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಕೇಬಲ್ ಕೂಡ ಇಲ್ಲ. ನಮ್ಮ ಪಾಲಿಗೆ ಉಳಿಯುವುದು ಬ್ರೇಕು, ಬೇರಿಂಗು, ಟೈರು. ಬೆಂಗಳೂರಿಗೂ ಈ ಗಾಡಿಗೂ ಹಳೆಯ ನಂಟಿದೆ. 2001ರಲ್ಲಿ ಇಲ್ಲಿಂದಲೇ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಹೊರಟಿತು. 2010ರಲ್ಲಿ ಆ ಕಂಪನಿ ಮಹೀಂದ್ರದ ಕೈ ಸೇರಿತು. 2018ರಲ್ಲಿ ಅದೇ ಬಳಗದಿಂದ ಟ್ರಿಯೊ ಎಂಬ ಲಿಥಿಯಂ ಬ್ಯಾಟರಿಯ ಆಟೋ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. 2017ರಲ್ಲಿ ವಿದ್ಯುತ್ ವಾಹನ ನೀತಿಯನ್ನು ಮೊದಲು ಹೊರತಂದ ರಾಜ್ಯವೂ ನಮ್ಮದೇ. ಓಡಿಸುವ ಖರ್ಚಿನ ಮಾತಾದರೆ ಹೋಲಿಕೆಗೇ ಎಡೆಯಿಲ್ಲ: ಏಳರಿಂದ ಒಂಬತ್ತು ಯೂನಿಟ್ ವಿದ್ಯುತ್ ಹಿಡಿಯುವ ಬ್ಯಾಟರಿಯಲ್ಲಿ ಬೆಂಗಳೂರಿನ ಟ್ರಾಫಿಕ್ಕಿನಲ್ಲೂ ನೂರು ಕಿಲೋಮೀಟರ್ ಓಡಬಹುದು, ಮನೆಯ ದರದಲ್ಲಿ ಚಾರ್ಜ್ ಮಾಡಿದರೆ ಕಿಲೋಮೀಟರಿಗೆ ಒಂದು ರೂಪಾಯಿಯೂ ಆಗುವುದಿಲ್ಲ. ಗ್ಯಾಸಿನ ಗಾಡಿಗೆ ಇದರ ಮೂರು ನಾಲ್ಕು ಪಟ್ಟು ಬೇಕು.

ಆದರೆ ಮನೆಯ ದರದಲ್ಲಿ ಚಾರ್ಜ್ ಮಾಡಬೇಕಾದರೆ ಮನೆಯ ಮುಂದೆ ಗಾಡಿ ನಿಲ್ಲಿಸುವ ಜಾಗವಿರಬೇಕು. ಲಗ್ಗೆರೆ, ಸುಂಕದಕಟ್ಟೆ, ಶ್ರೀರಾಂಪುರದ ವಠಾರಗಳಲ್ಲಿ ಒಂದು ಮೀಟರಿನ ಕೆಳಗೆ ನಾಲ್ಕೈದು ಸಂಸಾರ ಇರುತ್ತವೆ. ಅಲ್ಲಿ ಚಾಲಕ ಎರಡನೆಯ ಮಹಡಿಯ ಬಾಡಿಗೆ ಮನೆಯಲ್ಲಿದ್ದರೆ ಆಟೋ ರಸ್ತೆಯ ತಿರುವಿನಲ್ಲೋ ದೇವಸ್ಥಾನದ ಗೋಡೆಯ ಪಕ್ಕದಲ್ಲೋ ನಿಂತಿರುತ್ತದೆ. ಕಿಟಕಿಯಿಂದ ವಯರ್ ಇಳಿಬಿಟ್ಟು ರಾತ್ರಿಯೆಲ್ಲ ಚಾರ್ಜ್ ಮಾಡಿ, ಮಳೆ ಬಂದಾಗ ಎದ್ದು ಹೋಗಿ ಪ್ಲಗ್ಗಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಬರುವವರನ್ನು ನಾನು ಬಲ್ಲೆ. ಮನೆ ಮಾಲೀಕ ಬೇಡವೆಂದರೆ ಅದೂ ಇಲ್ಲ. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳನ್ನು ಹಾಕುವ ಹೊಣೆ ಬೆಸ್ಕಾಂನದು, ಹಾಕಿದ್ದೂ ಉಂಟು. ಆದರೆ ಅವು ಹೆಚ್ಚಾಗಿ ಇರುವುದು ಕಚೇರಿಗಳ ಆವರಣದಲ್ಲಿ, ಕಾರುಗಳು ನಿಲ್ಲುವ ಕಡೆಯಲ್ಲಿ. ಪೂರ್ತಿ ಚಾರ್ಜ್ ಆಗಲು ಮೂರರಿಂದ ನಾಲ್ಕು ಗಂಟೆ ಬೇಕಾದ ಗಾಡಿಯನ್ನು ದುಡಿಮೆಯ ಹೊತ್ತಿನಲ್ಲಿ ಅಲ್ಲಿಗೆ ಒಯ್ದು ನಿಲ್ಲಿಸಿದರೆ, ಗ್ಯಾಸ್ ಬಂಕಿನ ಸಾಲನ್ನು ಇಲ್ಲಿಗೆ ಸ್ಥಳಾಂತರ ಮಾಡಿದಂತಾಯಿತು ಅಷ್ಟೆ. ಆಟೋಗೆ ಬೇಕಾಗಿರುವುದು ದೊಡ್ಡ ಚಾರ್ಜರ್ ಅಲ್ಲ. ಚಾಲಕನ ಮನೆಯಿರುವ ಬೀದಿಯಲ್ಲಿ, ಕಂಬದ ಬುಡದಲ್ಲಿ, ಮಳೆ ತಾಗದ ಮುಚ್ಚಳವಿರುವ, ಯಾರ ಬಳಕೆ ಯಾರ ಲೆಕ್ಕಕ್ಕೆ ಎಂದು ಫೋನಿನಲ್ಲಿ ಬರೆಸಿಕೊಳ್ಳುವ ಒಂದು ಹದಿನೈದು ಆಂಪಿನ ಸಾಕೆಟ್.

ಇನ್ನು ಬೆಲೆ. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಬ್ಯಾಟರಿ ವಾಹನಗಳಿಗೆ ಪರ್ಮಿಟ್ ಬೇಕಿಲ್ಲವೆಂದು ಅಧಿಸೂಚನೆ ಹೊರಡಿಸಿತು. ವಿದ್ಯುತ್ ವಾಹನಕ್ಕೆ ಜಿಎಸ್‌ಟಿ ಶೇಕಡ 5. ಉಳಿದ ಆಟೋಗಳಿಗೆ ಶೇಕಡ 28 ಇದ್ದದ್ದು 2025ರ ಸೆಪ್ಟೆಂಬರಿನಲ್ಲಿ 18ಕ್ಕೆ ಇಳಿಯಿತು. ತೆರಿಗೆಯ ಅಂತರ ಕಿರಿದಾಯಿತು. ಅದಕ್ಕೆ ಮೊದಲೇ ಕೇಂದ್ರದ ನೆರವೂ ಕರಗತೊಡಗಿತ್ತು. ವಿದ್ಯುತ್ ವಾಹನಗಳಿಗೆ ಸಬ್ಸಿಡಿ ಕೊಡುತ್ತಿದ್ದ ಫೇಮ್ ಯೋಜನೆಯ ಎರಡನೆಯ ಹಂತ 2024ರ ಮಾರ್ಚಿಗೆ ಮುಗಿಯಿತು, ಅದೇ ಅಕ್ಟೋಬರಿನಲ್ಲಿ ಬಂದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬ್ಯಾಟರಿಯ ಪ್ರತಿ ಯೂನಿಟ್ಟಿಗೆ 5,000 ರೂಪಾಯಿ ಇದ್ದದ್ದು ಮುಂದಿನ ವರ್ಷಕ್ಕೆ ಅರ್ಧವಾಯಿತು. ಸಬ್ಸಿಡಿ ಇಳಿಯುವ ಮುನ್ನ ಕೊಂಡವನಿಗೆ ಒಂದು ಬೆಲೆ, ಬ್ಯಾಂಕಿನವರು ಕಾಗದ ತಡಮಾಡಿದ್ದರಿಂದ ಮುಂದಿನ ತಿಂಗಳು ಕೊಂಡವನಿಗೆ ಇನ್ನೊಂದು. ಬ್ಯಾಟರಿಯ ಮೇಲೆ ಬ್ಯಾಂಕುಗಳಿಗೆ ನಂಬಿಕೆ ಇಲ್ಲ. ನಾಲ್ಕಾರು ವರ್ಷಗಳ ಮೇಲೆ ಗಾಡಿ ಮಾರಿದರೆ ಏನು ಬರುತ್ತದೆಂದು ಅವರಿಗೆ ಗೊತ್ತಿಲ್ಲ, ಹಾಗಾಗಿ ಬಡ್ಡಿ ಹೆಚ್ಚು, ಕಂತಿನ ಅವಧಿ ಕಡಿಮೆ. ವಾರಂಟಿ ಮುಗಿದ ಮೇಲೆ ಹೊಸ ಬ್ಯಾಟರಿಗೆ ಲಕ್ಷ ದಾಟುತ್ತದೆಂಬ ಭಯ ಚಾಲಕರಿಗೂ ಇದೆ. ಎಲ್‌ಪಿಜಿ ಎಂಜಿನ್ ಕೆಟ್ಟರೆ ಹತ್ತು ಸಾವಿರದಲ್ಲಿ ಬೋರ್ ಮಾಡಿಸಿ ಇನ್ನಷ್ಟು ವರ್ಷ ಓಡಿಸಬಹುದೆಂಬ ಧೈರ್ಯ ಇಲ್ಲಿಲ್ಲ.

ಇದಕ್ಕೆ ದಾರಿ ಇಲ್ಲವೆಂದಲ್ಲ. ಬ್ಯಾಟರಿ ಇಲ್ಲದೆಯೇ ವಿದ್ಯುತ್ ವಾಹನವನ್ನು ಮಾರಿ ನೋಂದಣಿ ಮಾಡಬಹುದೆಂದು ಕೇಂದ್ರ ಸಾರಿಗೆ ಸಚಿವಾಲಯ 2020ರ ಆಗಸ್ಟಿನಲ್ಲೇ ಹೇಳಿದೆ. ಬ್ಯಾಟರಿ ಬದಲಿಸಿಕೊಡುವ ಕಂಪನಿಗಳು ಬೆಂಗಳೂರಿನಲ್ಲೇ ಹುಟ್ಟಿವೆ. ಬರಿದಾದ ಪೆಟ್ಟಿಗೆಗಳನ್ನು ಕೊಟ್ಟು ತುಂಬಿದವನ್ನು ಹಾಕಿಕೊಂಡು ನಿಮಿಷಗಳಲ್ಲಿ ಹೊರಡಬಹುದು, ಬ್ಯಾಟರಿಯ ವಯಸ್ಸಿನ ಚಿಂತೆ ಚಾಲಕನದಲ್ಲ. ನನ್ನ ಅಭಿಪ್ರಾಯ ಕೇಳಿದರೆ ಆಟೋಗೆ ಹೇಳಿ ಮಾಡಿಸಿದ ಪದ್ಧತಿ ಇದೇ. ಅಡ್ಡಿ ಏನೆಂದರೆ ಒಂದು ಕಂಪನಿಯ ಪೆಟ್ಟಿಗೆ ಇನ್ನೊಂದರ ಗಾಡಿಗೆ ಕೂರುವುದಿಲ್ಲ. ಅದನ್ನು ಸರಿಪಡಿಸುವ ಅಧಿಕಾರ ತಮಗಿಲ್ಲದಿರಬಹುದು. ಆದರೆ ರಾಜ್ಯದ ಸಬ್ಸಿಡಿ ಮತ್ತು ಸ್ವಾವಲಂಬಿ ಸಾರಥಿಯಂಥ ಯೋಜನೆಗಳ ಹಣ ಯಾವ ಗಾಡಿಗೆ ಹೋಗಬೇಕೆಂಬ ಷರತ್ತು ಹಾಕುವುದು ರಾಜ್ಯದ ಕೈಯಲ್ಲಿದೆ.

ಪರ್ಮಿಟ್ಟಿನ ವಿಷಯವನ್ನು ಹೇಳದೆ ಈ ಪತ್ರ ಮುಗಿಸುವಂತಿಲ್ಲ. ದೊಡ್ಡ ನಗರಗಳಲ್ಲಿ ಬಾಡಿಗೆ ವಾಹನಗಳ ಸಂಖ್ಯೆಗೆ ಮಿತಿ ಹಾಕಲು 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಅವಕಾಶವಿದೆ. ಮಿತಿ ಹಾಕಿದ ಕಡೆಯಲ್ಲೆಲ್ಲ ಏನಾಗುತ್ತದೆಂಬುದಕ್ಕೆ ದೆಹಲಿ ಸಾಕ್ಷಿ. 1997ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಆಟೋಗಳ ಸಂಖ್ಯೆಯನ್ನು ತಡೆದು ನಿಲ್ಲಿಸಿತು, 2011ರಲ್ಲಿ ಮಿತಿಯನ್ನು ಒಂದು ಲಕ್ಷಕ್ಕೆ ಏರಿಸಿತು. ನಡುವಿನ ವರ್ಷಗಳಲ್ಲಿ ಪರ್ಮಿಟ್ಟುಗಳು ಫೈನಾನ್ಸಿನವರ ಕೈ ಸೇರಿ, ಗಾಡಿಗಿಂತ ಪರ್ಮಿಟ್ಟೇ ದುಬಾರಿಯಾಯಿತು. ಕಾಗದದ ಮೇಲೆ ಮಾಲೀಕ ಒಬ್ಬ, ಗಾಡಿ ಇನ್ನೊಬ್ಬನದು, ಓಡಿಸುವವನು ಮೂರನೆಯವನು. ಬೆಂಗಳೂರಿನಲ್ಲಿ ಇದಿಲ್ಲವೆಂದು ಯಾರೂ ಎದೆತಟ್ಟಿ ಹೇಳಲಾರರು. ಬ್ಯಾಟರಿ ಆಟೋಗಳಿಗೆ ಪರ್ಮಿಟ್ ಬೇಡವೆಂದಾಗ, ಸಾಲ ಮಾಡಿ ಪರ್ಮಿಟ್ ಕೊಂಡ ಹಳೆಯ ಚಾಲಕನಿಗೆ ಹೊಟ್ಟೆ ಉರಿಯುವುದು ಸಹಜ. ಇ-ಆಟೋಗಳು ಎಲ್ಲೆಲ್ಲಿ ಓಡಬಹುದೆಂಬ ಬಗ್ಗೆ ಮಂಗಳೂರಿನಲ್ಲಿ ಚಾಲಕರು ಬೀದಿಗಿಳಿದದ್ದು ತಮಗೆ ತಿಳಿದೇ ಇದೆ. ಅಲ್ಲಿ ಜಗಳ ನಡೆದದ್ದು ಬ್ಯಾಟರಿಗೂ ಗ್ಯಾಸಿಗೂ ಅಲ್ಲ. ವರ್ಷಗಳ ಕಾಲ ಕಾದು ಪರ್ಮಿಟ್ ಪಡೆದವನಿಗೂ ಕಾಯದೆ ರಸ್ತೆಗಿಳಿದವನಿಗೂ ನಡುವೆ.

ಆದ್ದರಿಂದ ನನ್ನ ಕೋರಿಕೆ ಮೊದಲನೆಯದಾಗಿ ಪರ್ಮಿಟ್ ಇರುವ ಹಳೆಯ ಚಾಲಕನ ಪರವಾಗಿ. ಅವನು ಗ್ಯಾಸ್ ಆಟೋ ಬಿಟ್ಟು ಬ್ಯಾಟರಿ ಆಟೋಗೆ ಬರುವುದಾದರೆ, ಅವನ ಪರ್ಮಿಟ್ಟನ್ನು ಇಲಾಖೆಯೇ ಒಂದು ನಿಗದಿತ ಮೊತ್ತ ಕೊಟ್ಟು ಹಿಂದಕ್ಕೆ ಪಡೆಯಲಿ, ಆ ಮೊತ್ತ ಹೊಸ ಗಾಡಿಯ ಮುಂಗಡವಾಗಲಿ. ಹಳೆಯ ಗಾಡಿ ಬಿಟ್ಟ ದಿನಕ್ಕೂ ಹೊಸ ಗಾಡಿ ರಸ್ತೆಗಿಳಿಯುವ ದಿನಕ್ಕೂ ನಡುವಿನ ಎಲ್ಲ ಸೇವೆಗಳನ್ನು, ಅಂದರೆ ನೋಂದಣಿ, ಪರ್ಮಿಟ್ ವಾಪಸಾತಿ, ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪತ್ರ), ಸಬ್ಸಿಡಿಯ ಮಂಜೂರಾತಿ, ಒಂದೇ ಅರ್ಜಿಯಾಗಿ ಸಕಾಲ ಕಾಯ್ದೆಯ ಅಡಿಯಲ್ಲಿ ತರಬೇಕು. 2011ರ ಆ ಕಾಯ್ದೆಯಲ್ಲಿ ತಡವಾದ ದಿನಕ್ಕೆ ನಾಗರಿಕನಿಗೆ 20 ರೂಪಾಯಿ ಪರಿಹಾರವಿದೆ. ಆಟೋ ಚಾಲಕನ ಒಂದು ದಿನದ ದುಡಿಮೆ 20 ರೂಪಾಯಿಯಲ್ಲ. ಈ ಒಂದು ಸೇವೆಗಾದರೂ ಅದನ್ನು ಪರಿಷ್ಕರಿಸಲು ಸಾಧ್ಯವೇ ಎಂದು ಪರಿಶೀಲಿಸಬೇಕು.

ಗ್ಯಾಸಿನ ಗಾಡಿಗಳು ಇನ್ನೂ ಹತ್ತು ಹದಿನೈದು ವರ್ಷ ರಸ್ತೆಯ ಮೇಲಿರುತ್ತವೆ, ಅವುಗಳನ್ನು ಮರೆಯುವಂತಿಲ್ಲ. ಅನಿಲ ಕಂಪನಿಗಳು ಕೇಂದ್ರದ ವ್ಯಾಪ್ತಿಯವಾದರೂ, ಯಾವ ಸಿಎನ್‌ಜಿ ಬಂಕ್ ಕೊಳವೆಯ ಮೇಲಿದೆ, ಯಾವುದು ಲಾರಿಯನ್ನು ನೆಚ್ಚಿಕೊಂಡಿದೆ, ಈ ಹೊತ್ತಿನಲ್ಲಿ ಅಲ್ಲಿನ ಒತ್ತಡ ಎಷ್ಟು ಎಂಬುದನ್ನು ಸಾರ್ವಜನಿಕವಾಗಿ ತೋರಿಸುವಂತೆ ತಾವು ಒತ್ತಾಯಿಸಬಹುದು. ಬಸ್ಸು ಎಲ್ಲಿದೆ ಎಂದು ಫೋನಿನಲ್ಲಿ ತೋರಿಸಲು ಬರುತ್ತದೆಂದಾದರೆ ಬಂಕಿನಲ್ಲಿ ಗ್ಯಾಸ್ ಇದೆಯೇ ಎಂದು ತೋರಿಸುವುದು ದೊಡ್ಡ ಮಾತಲ್ಲ. ಬೆಳಿಗ್ಗೆ ಆರಕ್ಕೆ ಮುನ್ನ ಮತ್ತು ರಾತ್ರಿ ಹತ್ತರ ಮೇಲೆ ತುಂಬಿಸುವ ಆಟೋಗಳಿಗೆ ಕಿಲೋಗೆ ಒಂದೆರಡು ರೂಪಾಯಿ ಕಡಿಮೆ ಮಾಡಿದರೆ ಎಂಟರಿಂದ ಹತ್ತರ ನಡುವಿನ ಸಾಲು ಕರಗುತ್ತದೆ, ಮೆಟ್ರೊ ಮೆಟ್ಟಿಲ ಬಳಿ ಗಾಡಿಗಳು ಸಿಗುತ್ತವೆ.

ಕೊನೆಯದಾಗಿ ಒಂದು ಪ್ರಾಯೋಗಿಕ ಕೆಲಸ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಆಟೋ ಚಾಲಕರು ಹೆಚ್ಚಾಗಿ ವಾಸವಿರುವ ಒಂದೇ ಒಂದು ಬಡಾವಣೆಯನ್ನು ಆರಿಸಿ, ಅಲ್ಲಿನ ಬೀದಿಗಳಲ್ಲಿ ಆಟೋಗಳು ರಾತ್ರಿ ನಿಲ್ಲುವ ಜಾಗಗಳನ್ನು ಗುರುತಿಸಿ, ಬೆಸ್ಕಾಂ ಮೂಲಕ ಕಂಬಗಳಿಗೆ ಸಾಕೆಟ್ ಹಾಕಿಸಿ ಒಂದು ವರ್ಷ ನಡೆಸಿ ನೋಡಿ. ಯಾವ ಕಂಬದ ಬಳಿ ಎಷ್ಟು ಗಾಡಿ ನಿಲ್ಲುತ್ತವೆಂಬುದು ಕಚೇರಿಯಲ್ಲಿ ಕೂತವರಿಗೆ ತಿಳಿಯದಿದ್ದರೆ, ಇಲ್ಲಿನ ಗ್ಯಾರೇಜಿನವರು, ಟೀ ಅಂಗಡಿಯವರು, ಆಟೋ ಸ್ಟ್ಯಾಂಡಿನ ಪದಾಧಿಕಾರಿಗಳು ಇಲಾಖೆಯ ಸಿಬ್ಬಂದಿಯ ಜೊತೆ ರಾತ್ರಿ ನಡೆದು ತೋರಿಸಲು ತಯಾರಿದ್ದಾರೆ. ಅವರೊಡನೆ ಮಾತಾಡಿಯೇ ಇದನ್ನು ಬರೆಯುತ್ತಿದ್ದೇನೆ. ದಿನಾಂಕವನ್ನು ತಾವು ತಿಳಿಸಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಕಾಮಾಕ್ಷಿಪಾಳ್ಯದ ಒಬ್ಬ ಆಟೋ ಮೆಕ್ಯಾನಿಕ್